ಕುದುರೆ ಸಜ್ಜಿನ ಬಾರು–ಬಕಲುಗಳು



ಈ ಹೊತ್ತು ನಾನು ಹೇಳಬೇಕೆಂದಿರುವ ವಸ್ತು ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಕುದುರೆಯ ಸಜ್ಜಿನಲ್ಲಿ ಬಾರಿಗೂ ಬಾರಿಗೂ ಸೇರುವೆ ಹಾಕುವ ಬಕಲು. ಬೀಜ, ಗೊಬ್ಬರ, ನೀರು ಎಂದು ಹೇಳಲು ನೂರು ವಿಷಯ ಇರುವಾಗ ಈತ ಬಕಲಿನ ಪುರಾಣ ಬಿಚ್ಚಿದನಲ್ಲ ಎಂದು ಕೆಲವರಿಗೆ ತೋರಬಹುದು. ಕುದುರೆ ಸಾಕದವರಿಗೆ ಹಾಗೆ ತೋರಿದರೆ ತಪ್ಪೇನೂ ಇಲ್ಲ. ಆಟೋ, ಟೆಂಪೋಗಳು ಬಂದ ಮೇಲೆ ಕುದುರೆಗಾಡಿ ಬಹಳ ಕಡಮೆಯಾಗಿದೆ, ನಿಜ. ಆದರೂ ಮೈಸೂರಿನ ಕಡೆಯ ಜಟಕಾ, ವಿಜಯಪುರದ ಕಡೆಯ ಟಾಂಗಾ ಪೂರ್ತಿ ಮರೆಯಾಗಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಮಂದೆಯೊಡನೆ ಅಲೆಯುವ ಕುರಿಗಾರರು ಹಾಸಿಗೆ, ಪಾತ್ರೆ, ನಡೆಯಲಾರದ ಎಳೆಮರಿ ಇವನ್ನೆಲ್ಲ ಕುದುರೆಯ ಬೆನ್ನ ಮೇಲೆ ಹೇರುವುದನ್ನು ಇಂದಿಗೂ ನೋಡುತ್ತೇವೆ. ಇಂಥ ಮನೆಗಳಲ್ಲಿ ಕುದುರೆ ಒಂದು ವಾರ ನಿಂತರೆ ಒಲೆಯೂ ಅರ್ಧ ನಿಂತ ಹಾಗೆಯೇ. ಕುದುರೆ ನಿಲ್ಲುವುದು ಕಾಯಿಲೆಯಿಂದ ಮಾತ್ರ ಅಂತಲ್ಲ. ಬಾರು ಒತ್ತಿ ಆದ ಹುಣ್ಣಿನಿಂದಲೂ ನಿಲ್ಲುತ್ತದೆ, ಬಾರು ಹರಿದು ಆದ ಅಪಘಾತದಿಂದಲೂ ನಿಲ್ಲುತ್ತದೆ. ಆದಕಾರಣ ಈ ಮಾತು.

ಬಕಲು ಮಾಡಬೇಕಾದ ಕೆಲಸ ಏನು? ಸ್ವಲ್ಪ ಯೋಚಿಸಿ ನೋಡಿ. ಕುದುರೆ ಎಷ್ಟು ಜಗ್ಗಿದರೂ ಅದು ತಾನಾಗಿ ಬಿಚ್ಚಿಕೊಳ್ಳಕೂಡದು. ಆದರೆ ನಮ್ಮ ಕೈ ಬೇಕೆಂದಾಗ, ಆ ಗಳಿಗೆಯಲ್ಲೇ ಬಿಚ್ಚಬೇಕು. ಒಂದಕ್ಕೊಂದು ತಿರುಗುಮುರುಗಾದ ಎರಡು ಕೆಲಸ. ಹಗ್ಗದ ಗಂಟನ್ನು ತೆಗೆದುಕೊಳ್ಳಿ: ಜಗ್ಗಿದಷ್ಟೂ ಬಿಗಿಯುತ್ತದೆ, ನೆಂದರೆ ಹಲ್ಲಿಗೂ ಬಗ್ಗುವುದಿಲ್ಲ. ತಂತಿಯನ್ನು ತೆಗೆದುಕೊಳ್ಳಿ: ಇಕ್ಕಳ ಇಲ್ಲದೆ ಬಿಚ್ಚುವ ಹಾಗೇ ಇಲ್ಲ. ಬಾರಿನ ತೂತಿಗೆ ಮೊಳೆ ಚುಚ್ಚಿ ಬಗ್ಗಿಸಿಡುವವರೂ ಉಂಟು. ಅದು ಒಂದು ದಿನ ತಾನಾಗಿ ಬಿಚ್ಚಿಕೊಳ್ಳುತ್ತದೆ, ಇಲ್ಲವೆ ಕುದುರೆಯ ಮೈಗೆ ಹೊಕ್ಕುತ್ತದೆ. ಎರಡು ಕೆಲಸವನ್ನೂ ಮಾಡುವುದು ಬಕಲೊಂದೇ. ಅದರಲ್ಲಿ ಇರುವುದಾದರೂ ಮೂರೇ ಅಂಗ: ಒಂದು ಚೌಕಟ್ಟು, ಒಂದು ಅಡ್ಡಕಡ್ಡಿ, ಆ ಕಡ್ಡಿಗೆ ಸುತ್ತಿಕೊಂಡು ಆಡುವ ಒಂದು ಮುಳ್ಳು. ಕೆಲವರು ಅದನ್ನು ನಾಲಿಗೆ ಎನ್ನುತ್ತಾರೆ. ಬಾರು ಎಳೆದಾಗ ಮುಳ್ಳು ಚೌಕಟ್ಟಿನ ಮೇಲೆ ಒರಗಿ ನಿಲ್ಲುತ್ತದೆ. ಬಿಚ್ಚಬೇಕಾದರೆ ಬಾರಿನ ತುದಿಯನ್ನು ಇನ್ನೂ ಒಂದಿಷ್ಟು ಎಳೆಯಬೇಕು, ಆಗ ಮುಳ್ಳು ತೂತಿನಿಂದ ಮೇಲೇಳುತ್ತದೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ಸಂತೆಯ ದಿನ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಮೊದಲ ಮಳೆ ಬಿದ್ದು ಟಾರು ರಸ್ತೆ ಜಾರುತ್ತಿತ್ತು. ಕೆರೆ ಏರಿಯ ಇಳುಕಲಿನಲ್ಲಿ ಒಂದು ಗಾಡಿಯ ಕುದುರೆ ಕಾಲು ಜಾರಿ ಬಲಮಗ್ಗುಲಿಗೆ ಬಿತ್ತು. ಗಾಡಿ ಅದರ ಮೇಲೆ ಒತ್ತಿಕೊಂಡು ಬಂತು. ಗಾಡಿ ಹೊಡೆಯುತ್ತಿದ್ದ ಮುದುಕರು ಅನುಭವಸ್ಥರು. ಥಟ್ಟನೆ ಇಳಿದು ಕುದುರೆಯ ಕತ್ತಿನ ಮೇಲೆ ಮಂಡಿಯೂರಿ ತಲೆಯನ್ನು ನೆಲಕ್ಕೆ ಹಿಡಿದರು. ತಲೆ ಎತ್ತಲಾರದ ಕುದುರೆ ಏಳಲು ಹೆಣಗುವುದಿಲ್ಲ, ಕಾಲು ಮುರಿದುಕೊಳ್ಳುವುದಿಲ್ಲ. ಜತೆಯಲ್ಲಿದ್ದ ಮೊಮ್ಮಗ ಹತ್ತು ಹನ್ನೊಂದು ವರ್ಷದ ಹುಡುಗ, ಎಡಗಡೆಯ ಎಳೆಬಾರಿನ ಬಕಲನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ಬಿಚ್ಚಿಬಿಟ್ಟ. “ತಾತ, ಇದು ಬಂತು, ಹೊಟ್ಟೆದು ಬರ್ತಾ ಇಲ್ಲ!” ಎಂದು ಕೂಗಿಕೊಂಡ. ಹೇಗೆ ಬಂದೀತು? ಹೊಟ್ಟೆಪಟ್ಟಿಯ ಬಕಲು ಎಂದೋ ಮುರಿದುಹೋಗಿ ಅಲ್ಲಿ ಬೇಲಿ ತಂತಿ ಸುತ್ತಿತ್ತು. ಒಬ್ಬರು ಇಕ್ಕಳಕ್ಕಾಗಿ ಸೈಕಲ್ ಅಂಗಡಿಗೆ ಓಡಿದರು. ಅವರು ಬರುವಷ್ಟರಲ್ಲಿ ಒಂದು ಮೂಕಿ ಮುರಿದಿತ್ತು, ತಂತಿ ಮುಂಗಾಲಿನ ಸಂದಿನಲ್ಲಿ ಬೆರಳು ಇಳಿಯುವಷ್ಟು ಕೊಯ್ದಿತ್ತು. ಕುದುರೆ ಬದುಕಿತು. ಆದರೆ ಎರಡು ತಿಂಗಳು ಗಾಡಿ ಕಟ್ಟಲಾಗಲಿಲ್ಲ. ಮೇವಿನ ಸಾಲ, ಮೂಕಿಯ ಸಾಲ ಎರಡೂ ಬಿದ್ದವು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬಂತೆ ಹೊಸ ಬಕಲು ಆಮೇಲೆ ಬಂತು.

ಈಗ ಬಕಲನ್ನು ಕೊಳ್ಳುವ ಮಾತು. ನಮ್ಮ ದೇಶದಲ್ಲಿ ಜೀನು, ಸಜ್ಜು ಮಾಡುವ ಕೆಲಸಕ್ಕೆ ಕಾನ್ಪುರ ಹೆಸರಾದದ್ದು. ಹಿತ್ತಾಳೆಯ ಸಾಮಾನಿಗೆ ಅಲಿಗಢ ಹೆಸರಾದದ್ದು. ನಿಮ್ಮ ಸಂತೆಯ ಅಂಗಡಿಯಲ್ಲಿ ತೂಗುಹಾಕಿದ ಬಕಲು ಎಲ್ಲಿಯದಾದರೂ ಇರಲಿ, ಹೊಳಪು ನೋಡಿ ಕೊಳ್ಳಬೇಡಿ. ಬೆಳ್ಳಿಯಂತೆ ಫಳಫಳ ಎನ್ನುವುದರಲ್ಲಿ ಮೂರು ಜಾತಿ. ಕಬ್ಬಿಣಕ್ಕೆ ನಿಕ್ಕಲ್ ಲೇಪ ಕೊಟ್ಟದ್ದು ಒಂದು. ಲೇಪ ಸುಲಿದ ಕಡೆ ಬೆವರು ಹೊಕ್ಕು ಒಳಗೇ ತುಕ್ಕು ತಿನ್ನುತ್ತದೆ. ಸತುವನ್ನು ಕರಗಿಸಿ ಅಚ್ಚಿಗೆ ಸುರಿದದ್ದು ಇನ್ನೊಂದು; ಇದೇ ಬಹಳ ಮೋಸದ್ದು. ಬಗ್ಗುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ಒಂದು ದಿನ ಬಳಪದ ಹಾಗೆ ಪಟ್ಟನೆ ಮುರಿಯುತ್ತದೆ. ಚೀಲಕ್ಕೆ, ಚಪ್ಪಲಿಗೆ ಆದೀತು; ಗಾಡಿ ಎಳೆಯುವ ಬಾರಿಗೆ ಕೂಡದು. ಮೂರನೆಯದು ತುಕ್ಕು ಹಿಡಿಯದ ಸ್ಟೀಲು. ಬೆಲೆ ಒಂದಿಷ್ಟು ಹೆಚ್ಚು, ಆದರೆ ಹೊಟ್ಟೆಪಟ್ಟಿಗೂ ಎಳೆಬಾರಿಗೂ ನನ್ನ ಮಟ್ಟಿಗೆ ಇದೇ ಸರಿ. ಹಿತ್ತಾಳೆಗೆ ತುಕ್ಕಿಲ್ಲ, ನೋಟಕ್ಕೂ ಚೆಂದ, ತಲೆಪಟ್ಟಿಗೆ ಬಹಳ ಒಪ್ಪುತ್ತದೆ. ಅದು ಸ್ವಲ್ಪ ಮೆದು ಲೋಹವಾದ್ದರಿಂದ ಭಾರ ಬೀಳುವ ಕಡೆ ಹಾಕುವುದಾದರೆ ಚೌಕಟ್ಟು ದಪ್ಪಗಿದ್ದು ಮುಳ್ಳು ಉಕ್ಕಿನದಾಗಿರಲಿ.

ಇದು ಯಾವ ಲೋಹ ಎಂದು ತಿಳಿಯುವುದು ಹೇಗೆ? ಹಿಂಭಾಗದಲ್ಲಿ ಕಾಣದ ಮೂಲೆಯನ್ನು ಚಾಕುವಿನ ಮೊನೆಯಿಂದ ಕೆರೆಯಿರಿ. ಒಳಗೆ ಹಳದಿ ಕಂಡರೆ ಹಿತ್ತಾಳೆ. ಮಾಸಲು ಬೂದಿ ಬಣ್ಣ ಕಂಡು, ಅಯಸ್ಕಾಂತವೂ ಹಿಡಿಯದೆ, ಚಾಕು ಸುಲಭವಾಗಿ ಗೀಚಿದರೆ ಸತು. ಅಯಸ್ಕಾಂತ ಬಲವಾಗಿ ಹಿಡಿದುಕೊಂಡರೆ ಕಬ್ಬಿಣದ ಮೇಲಣ ಲೇಪವೇ ಇರಬೇಕು. ಹಾಗೆಯೇ ಚೌಕಟ್ಟಿನ ಸೇರುವೆಯನ್ನು ನೋಡಿ. ತಂತಿಯನ್ನು ಬಗ್ಗಿಸಿ ತುದಿಗೆ ತುದಿ ತಾಗಿಸಿ ಬಿಟ್ಟಿದ್ದರೆ ಎಳೆತಕ್ಕೆ ಬಾಯಿ ಬಿಡುತ್ತದೆ. ಬೆಸುಗೆ ಹಾಕಿರಬೇಕು. ಮುಳ್ಳು ನೆಟ್ಟಗಿದ್ದು ಅದರ ತುದಿ ಚೌಕಟ್ಟಿನ ಮೇಲೆ ಪೂರ್ತಿ ಕೂತಿರಬೇಕು. ಗಿಡ್ಡವಾದರೆ ಒಳಕ್ಕೆ ಜಾರುತ್ತದೆ, ಉದ್ದವಾಗಿ ಹೊರಕ್ಕೆ ಚಾಚಿದರೆ ಕೈಯನ್ನೋ ಕುದುರೆಯ ಚರ್ಮವನ್ನೋ ಗೀರುತ್ತದೆ. ಕೆಲವು ಬಕಲಿನಲ್ಲಿ ಮುಂದಿನ ಕಡ್ಡಿಯ ಮೇಲೆ ಉರುಳುವ ಒಂದು ಸಣ್ಣ ಕೊಳವೆ ಇರುತ್ತದೆ. ಬಾರು ಅದರ ಮೇಲೆ ಉರುಳಿಕೊಂಡು ಬರುವುದರಿಂದ ಬಿಗಿಯುವುದೂ ಸಲೀಸು, ಚರ್ಮವೂ ಸವೆಯುವುದಿಲ್ಲ. ಹೊಟ್ಟೆಪಟ್ಟಿಗೆ ಅಂಥದು ಸಿಕ್ಕರೆ ಬಿಡಬೇಡಿ.

ಅಳತೆಯ ವಿಷಯದಲ್ಲಿ ಜನ ಬಹಳ ಉದಾಸೀನ ಮಾಡುತ್ತಾರೆ. ಬಾರಿನ ಅಗಲ ಎಷ್ಟೋ ಬಕಲಿನ ಒಳಗಲವೂ ಅಷ್ಟೇ ಇರಬೇಕು, ಬಾರು ಉಜ್ಜದೆ ಓಡಾಡಲು ಒಂದು ನೂಲಿನಷ್ಟು ಹೆಚ್ಚಿಗೆ ಇರಬಹುದು. ಬಕಲು ದೊಡ್ಡದಾದರೆ ಬಾರು ಒಂದು ಪಕ್ಕಕ್ಕೆ ಸರಿದು ಎಳೆತವೆಲ್ಲ ಒಂದೇ ಅಂಚಿಗೆ ಬೀಳುತ್ತದೆ. ಚಿಕ್ಕದಾದರೆ ಅಂಚು ಮಡಚಿಕೊಂಡು, ಆ ಮಡಚಿದ ಅಂಚೇ ಕುದುರೆಯ ಮೈಯನ್ನು ಕೊಯ್ಯುತ್ತದೆ.

ಈಗಿನ ಕಾಲದ ಇನ್ನೊಂದು ಪದ್ಧತಿ ಹೇಳಲೇಬೇಕು. ಶಾಲೆ ಚೀಲದ ಪ್ಲಾಸ್ಟಿಕ್ ಕೊಂಡಿ, ಲಾರಿಯಿಂದ ಬಿಚ್ಚಿದ ನೈಲಾನ್ ಪಟ್ಟಿ, ಸೈಕಲ್ ಟ್ಯೂಬು, ಇವೆಲ್ಲ ಕುದುರೆಯ ಮೈಮೇಲೆ ಬರುತ್ತಿವೆ. ಪ್ಲಾಸ್ಟಿಕ್ ಕೊಂಡಿ ಬಿಸಿಲಿಗೆ ಒಣಗಿ ಸಿಡಿಯುತ್ತದೆ. ನೈಲಾನಿಗೆ ಬಲವೇನೋ ಇದೆ, ಆದರೆ ಜಾರಿ ಉಜ್ಜಿದಾಗ ಚರ್ಮವನ್ನು ಸುಡುತ್ತದೆ. ಹತ್ತಿಯ ಅಗಲ ನವಾರ ಇದಕ್ಕಿಂತ ಎಷ್ಟೋ ಮೇಲು. ಬೆವರು ಹೀರುತ್ತದೆ, ಒಗೆಯಬಹುದು. ಹೊಟ್ಟೆಪಟ್ಟಿಗೆ ನವಾರ ಹಾಕಿ, ಎರಡು ತುದಿಗೆ ಮಾತ್ರ ಚರ್ಮ ಹೊಲಿದು ಬಕಲು ಹಾಕಿಸುವುದು ಬಡವರಿಗೂ ಎಟುಕುವ ಉಪಾಯ.

ಬಾರು ಹರಿಯುವುದು ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಿ. ನಡುವೆ ಹರಿಯುವುದು ಅಪರೂಪ. ಬಕಲಿನ ಅಡ್ಡಕಡ್ಡಿಯನ್ನು ಸುತ್ತಿ ಮಡಚಿ ಹೊಲಿದಿರುತ್ತಾರಲ್ಲ, ಅಲ್ಲಿ ಹರಿಯುತ್ತದೆ. ಮುಳ್ಳು ಹಾಯಲೆಂದು ಅಲ್ಲಿ ಸೀಳಿರುತ್ತಾರೆ, ಆದ್ದರಿಂದ ಮೊದಲೇ ಬಲ ಕಡಮೆ. ಬೆವರೂ ಧೂಳೂ ಸೇರುವ ಜಾಗವೂ ಅದೇ. ಇದರ ಮೇಲೆ ಕಬ್ಬಿಣದ ತುಕ್ಕು. ನಮ್ಮ ಕಡೆ ಚರ್ಮವನ್ನು ತಂಗಡಿ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡುವ ಪದ್ಧತಿ ಹಳೆಯದು. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ತಾಗಿದರೆ ಕಾಡಿಗೆಗಪ್ಪಾಗುತ್ತದೆ. ಹಿಂದಿನವರು ಬರೆಯುವ ಮಸಿಯನ್ನು ಹೀಗೆಯೇ ಮಾಡುತ್ತಿದ್ದರು. ಅದೇ ಮಸಿಯ ಕೆಲಸ ಬಕಲಿನ ಮಡಿಕೆಯೊಳಗೆ ನಡೆಯುತ್ತದೆ. ಚರ್ಮ ಕಪ್ಪಾಗಿ, ಗಡಸಾಗಿ, ಕೊನೆಗೆ ಹಪ್ಪಳದಂತೆ ಮುರಿಯುತ್ತದೆ. ಮೇಲಿನಿಂದ ನೋಡಿದರೆ ಬಾರು ಗಟ್ಟಿಯಾಗಿಯೇ ಕಾಣುತ್ತದೆ. ಆದಕಾರಣ ವಾರಕ್ಕೊಮ್ಮೆ ಆ ಮಡಿಕೆಯನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡತಕ್ಕದ್ದು. ಬಿರುಕು ಕಂಡರೆ, ಕರಿಪುಡಿ ಉದುರಿದರೆ ಆ ತುದಿಯನ್ನು ಕತ್ತರಿಸಿ ಹೊಸದಾಗಿ ಮಡಚಿ ಹೊಲಿಸಬೇಕು. ಇಡೀ ಬಾರನ್ನು ಎಸೆಯಬೇಕಾಗಿಲ್ಲ.

ಹೊಲಿಗೆ ಮಾಡಿಸುವಾಗ ಮೋಚಿಯವರ ಹತ್ತಿರ ಒಂದು ಮಾತು ಹೇಳಿ. ಎರಡು ಸೂಜಿ ಹಿಡಿದು ಎರಡು ಮಗ್ಗುಲಿನಿಂದಲೂ ಬರುವ ಹೊಲಿಗೆ ಹಾಕಲಿ, ನೂಲಿಗೆ ಮೇಣ ಸವರಿರಲಿ. ಇಂಥ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಉಳಿದದ್ದು ಹಿಡಿದಿರುತ್ತದೆ; ಯಂತ್ರದ ಹೊಲಿಗೆ ಒಂದು ಕಡೆ ಬಿಟ್ಟರೆ ಸುಲಭವಾಗಿ ಬಿಚ್ಚಿಕೊಂಡು ಹೋಗುತ್ತದೆ. ಅವರು ಸರಿಯಾಗಿ ಹೊಲಿದುಕೊಟ್ಟರೆ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ. ಬಾರಿನ ತೂತನ್ನು ಟೊಳ್ಳು ಉಳಿಯಿಂದ ಗುಂಡಗೆ ಹೊಡೆಯಬೇಕು. ಚಾಕುವಿನಿಂದ ಸೀಳಿದ ತೂತು ಎಳೆತಕ್ಕೆ ಉದ್ದಕ್ಕೂ ಸೀಳಿಕೊಂಡೇ ಹೋಗುತ್ತದೆ. ಮೊಳೆಯನ್ನು ಕೆಂಪಗೆ ಕಾಯಿಸಿ ತೂತು ಸುಡುವವರು ಬಹಳ ಮಂದಿ ಇದ್ದಾರೆ, ಮಾಡಕೂಡದು. ಸುಟ್ಟ ಅಂಚು ಗಡಸಾಗಿ ಅಲ್ಲಿಂದಲೇ ಬಿರುಕು ಹೊರಡುತ್ತದೆ. ತೂತಿಗೂ ತೂತಿಗೂ ಸುಮಾರು ಒಂದು ಅಂಗುಲ, ಅಂದರೆ 25 ಮಿಲಿಮೀಟರ್ ಅಂತರ ಇರಲಿ. ಮಾಮೂಲಾಗಿ ಮುಳ್ಳು ನಡುವಿನ ತೂತಿನಲ್ಲಿ ಕೂರುವ ಹಾಗಿರಬೇಕು. ಆಗ ಕುದುರೆ ಬೇಸಿಗೆಯಲ್ಲಿ ಬಡವಾದರೂ, ಮಳೆಗಾಲದ ಹಸಿರು ಮೇಯ್ದು ದುಂಡಗಾದರೂ ಅಳವಡಿಸಲು ಆಚೆ ಈಚೆ ತೂತು ಇರುತ್ತದೆ.

ಬಕಲು ಒಳ್ಳೆಯದಾದರೆ ಸಾಲದು, ಅದು ಕೂರುವ ಜಾಗವೂ ಒಳ್ಳೆಯದಾಗಿರಬೇಕು. ಹೊಟ್ಟೆಪಟ್ಟಿಯ ಬಕಲು ಮುಂಗಾಲಿನ ಸಂದಿನಲ್ಲಿ ಕೂರಕೂಡದು. ಕುದುರೆ ಹೆಜ್ಜೆ ಹಾಕಿದಾಗಲೆಲ್ಲ ಅಲ್ಲಿ ಚರ್ಮ ಮಡಚುತ್ತದೆ, ಒಂದೇ ದಿನದ ದಾರಿಗೆ ಸುಲಿದುಹೋಗುತ್ತದೆ. ಅದು ಮೇಲೆ, ಪಕ್ಕೆಯ ಚಪ್ಪಟೆ ಜಾಗದಲ್ಲಿ ಬರಬೇಕು. ಪ್ರತಿ ಬಕಲಿನ ಅಡಿಯಲ್ಲೂ ಅದಕ್ಕಿಂತ ಅಗಲವಾದ ಒಂದು ತುಂಡು ಮೆತ್ತನೆಯ ಚರ್ಮ ಇರಲಿ, ಲೋಹ ಮೈಗೆ ತಾಗದಂತೆ. ಬಾರಿನ ಉಳಿದ ತುದಿಯನ್ನು ತೂರಿಸಲು ಚರ್ಮದ ಉಂಗುರ ಇರಲಿ. ಜೋತಾಡುವ ತುದಿ ಕಾಲಿಗೂ ತೊಡಕು, ನೊಣ ಹೊಡೆದ ಹಾಗೆ ಬಡಿದು ಕುದುರೆಗೂ ಕಿರಿಕಿರಿ. ಇನ್ನೊಂದು ಮಾತು, ಬಹಳ ಮುಖ್ಯವಾದದ್ದು: ಹೊಟ್ಟೆಪಟ್ಟಿಗೆ ಎರಡು ಮಗ್ಗುಲಲ್ಲೂ ಬಕಲು ಇರಲಿ. ನಾವು ಕಟ್ಟುವುದು ಬಿಚ್ಚುವುದು ಎಡಮಗ್ಗುಲಿನಿಂದ. ಆದರೆ ಕುದುರೆ ಎಡಕ್ಕೇ ಬಿದ್ದರೆ ಆ ಬಕಲು ಅದರ ಮೈಕೆಳಗೆ ಸಿಕ್ಕಿಕೊಳ್ಳುತ್ತದೆ. ಆಗ ಬಲಗಡೆಯದು ಕೈಗೆ ಸಿಗಬೇಕು.

ಎಷ್ಟು ಬಿಗಿಯಬೇಕು ಎಂದು ಕೇಳುತ್ತೀರಿ. ಹೊಟ್ಟೆಪಟ್ಟಿಯೊಳಗೆ ಎರಡು ಬೆರಳು ಚಪ್ಪಟೆಯಾಗಿ ಹೋಗುವಷ್ಟು. ಮೂಗುಪಟ್ಟಿಗೂ ಎರಡು ಬೆರಳು. ಗಂಟಲಪಟ್ಟಿಯೊಳಗೆ ನಾಲ್ಕು ಬೆರಳು ಆಡಬೇಕು, ಇಲ್ಲದಿದ್ದರೆ ಏರು ಹತ್ತುವಾಗ ಉಸಿರು ಕಟ್ಟುತ್ತದೆ. ಕುದುರೆ ಜಾಣ ಪ್ರಾಣಿ. ಪಟ್ಟಿ ಬಿಗಿಯುವಾಗ ಎದೆ ಉಬ್ಬಿಸಿಕೊಂಡು ನಿಲ್ಲುವುದುಂಟು. ಹತ್ತು ಹೆಜ್ಜೆ ನಡೆಸಿ ಮತ್ತೆ ಒಮ್ಮೆ ನೋಡಿದರೆ ಪಟ್ಟಿ ಸಡಿಲಾಗಿರುತ್ತದೆ. ಆಗ ಒಂದು ತೂತು ಏರಿಸಿ. ಬಿಗಿದ ಮೇಲೆ ಮುಂಗಾಲನ್ನು ಒಂದೊಂದಾಗಿ ಎತ್ತಿ ಮುಂದಕ್ಕೆ ಎಳೆದು ಬಿಡಿ, ಪಟ್ಟಿಯ ಅಡಿಯ ಚರ್ಮದ ಸುಕ್ಕು ಬಿಟ್ಟುಕೊಳ್ಳುತ್ತದೆ. ಇದಕ್ಕೆ ಅರ್ಧ ನಿಮಿಷ ಸಾಕು, ಆದರೆ ಮಾಡುವವರನ್ನು ನಾನು ಕಂಡದ್ದು ಬಹಳ ಕಡಮೆ.

ಎರಡು ಚಕ್ರದ ಗಾಡಿಯಲ್ಲಿ ಭಾರದ ಹಂಚಿಕೆಯೂ ಬಕಲಿನ ಆಯುಷ್ಯಕ್ಕೆ ಸೇರಿದ ಮಾತು. ಹಿಂದೆ ಭಾರವಾದರೆ ಮೂಕಿ ಮೇಲೆದ್ದು ಹೊಟ್ಟೆಪಟ್ಟಿಯನ್ನು ಕೆಳಗಿನಿಂದ ಎತ್ತುತ್ತದೆ. ಮುಂದೆ ಭಾರವಾದರೆ ಎಲ್ಲವೂ ಬೆನ್ನಿನ ದಿಂಬಿನ ಮೇಲೆ ಕೂರುತ್ತದೆ. ಎರಡೂ ಕೇಡು. ಜನ, ಮೂಟೆ ಎಲ್ಲ ಹತ್ತಿದ ಮೇಲೆ ಮೂಕಿಯನ್ನು ಒಂದು ಕೈಯಿಂದ ಎತ್ತಿ ನೋಡಿ, ಹಗುರವಾಗಿ ಏಳುವಂತಿರಬೇಕು.

ಬಿಚ್ಚುವಾಗ ಒಂದು ನಿಯಮ ತಪ್ಪಕೂಡದು. ಗಾಡಿ ಬಿಡಿಸುವ ಮುಂಚೆ ತಲೆಪಟ್ಟಿ, ಕಡಿವಾಣ ತೆಗೆಯಬಾರದು. ಪಾಪ, ನೀರು ಕುಡಿಯಲಿ ಎಂದು ಗಾಡಿಯಲ್ಲಿ ಕಟ್ಟಿರುವಾಗಲೇ ಕಡಿವಾಣದ ಬಕಲು ಬಿಚ್ಚುತ್ತಾರೆ. ಹಿಂದಿನ ಚಕ್ರ ಥಟ್ಟನೆ ಕಣ್ಣಿಗೆ ಬಿದ್ದು ಕುದುರೆ ಬೆದರಿ ಓಡಿದರೆ ಹಿಡಿಯಲು ಕೈಯಲ್ಲಿ ಏನೂ ಇರುವುದಿಲ್ಲ. ಎಳೆಬಾರು, ಹಿಂದಿನ ತಡೆಪಟ್ಟಿ, ಹೊಟ್ಟೆಪಟ್ಟಿ ಬಿಚ್ಚಿ ಗಾಡಿಯಿಂದ ಹೊರಗೆ ತಂದ ಮೇಲೆಯೇ ತಲೆಯದು. ಕುದುರೆ ಬಿದ್ದಾಗ ಒಬ್ಬರು ತಲೆ ಹಿಡಿಯಲಿ, ಇನ್ನೊಬ್ಬರು ಗಾಡಿಯನ್ನು ಒಂದು ಗೇಣು ಮುಂದಕ್ಕೆ ನೂಕಲಿ. ಏಕೆಂದರೆ ಮೊದಲೇ ಹೇಳಿದೆನಲ್ಲ, ಬಿಗಿದುಕೊಂಡಿರುವ ಬಕಲು ಬಿಚ್ಚುವುದಿಲ್ಲ. ಬಾರು ಸಡಿಲವಾದರೆ ಮುಳ್ಳು ಏಳುತ್ತದೆ. ಬಿಚ್ಚಿ, ಗಾಡಿಯನ್ನು ಹಿಂದಕ್ಕೆ ಎಳೆದ ಮೇಲೆ ಕುದುರೆ ತಾನೇ ಏಳುತ್ತದೆ. ಒಂದು ಹರಿತವಾದ ಚಾಕು ಗಾಡಿಯಲ್ಲಿ ಯಾವಾಗಲೂ ಇರಲಿ. ಪ್ರಾಣಕ್ಕೆ ಬಂದಾಗ ಬಾರಿನ ಮುಖ ನೋಡಬೇಡಿ, ಕೊಯ್ಯಿರಿ. ದಾರಿಯಲ್ಲಿ ಬಕಲು ಮುರಿದು ಹಗ್ಗವೇ ಗತಿ ಎಂದಾದರೆ ತುದಿ ಎಳೆದರೆ ಬಿಚ್ಚುವ ಗಂಟನ್ನೇ ಹಾಕಿ, ಮನೆ ಸೇರುವವರೆಗೆ ಮಾತ್ರ.

ತಾಯಂದಿರು ಗಮನಿಸಬೇಕಾದ ಮಾತು ಸಜ್ಜಿನ ಆರೈಕೆ. ಎಷ್ಟೋ ಮನೆಗಳಲ್ಲಿ ಅದು ನಿಮ್ಮ ಕೈಯದೇ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಬೆವರು ಒರೆಸಿ, ನೆರಳಿನಲ್ಲಿ ಆರಲು ಬಿಡಿ. ಬಿಸಿಲಿಗಾಗಲಿ ಒಲೆಯ ಮೇಲಣ ಅಟ್ಟಕ್ಕಾಗಲಿ ಹಾಕಬೇಡಿ. ಪೂರ್ತಿ ಒಣಗುವ ಮುಂಚೆ, ಇನ್ನೂ ತಂಪು ಇರುವಾಗಲೇ ಹರಳೆಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ತೆಳ್ಳಗೆ ಸವರಬೇಕು. ತಿಂಗಳಿಗೆ ಒಂದೆರಡು ಸಲ ಸಾಕು. ತೊಯ್ಯುವಷ್ಟು ಹಚ್ಚಿದರೆ ಚರ್ಮ ಜೋಲಾಗಿ ತೂತು ಹಿಗ್ಗುತ್ತದೆ. ಗಾಡಿಯ ಕೀಲೆಣ್ಣೆ, ಸುಟ್ಟ ಇಂಜಿನ್ ಆಯಿಲ್ ಮಾತ್ರ ಬೇಡವೇ ಬೇಡ. ಹಿತ್ತಾಳೆಯ ಬಕಲಿಗೆ ಹಸಿರು ಕಿಲುಬು ಕಟ್ಟಿದ್ದರೆ ಹುಣಿಸೆಹಣ್ಣಿನಿಂದ ಉಜ್ಜಬಹುದು, ನಿಮಗೆ ಹೇಳಿಕೊಡಬೇಕೆ! ಆದರೆ ಹುಳಿ ಬಾರಿಗೆ ಇಳಿಯದ ಹಾಗೆ ಕೂಡಲೇ ಒರೆಸಿಬಿಡಿ. ಮುಳ್ಳಿನ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು ಆಡಿಸಿ. ಎಣ್ಣೆ ಹಚ್ಚಿದ ಬಾರಿಗೆ ಇಲಿಯ ಕಾಟ ಇರುವುದರಿಂದ ಮರದ ಗೂಟಕ್ಕೆ ಎತ್ತರದಲ್ಲಿ ತೂಗುಹಾಕಿ.

ಇಷ್ಟಾಗಿಯೂ ಕೂದಲು ಉದುರಿದ ಜಾಗವೋ, ಬಿಸಿಯಾದ ಗುಳ್ಳೆಯೋ ಕಂಡರೆ ಗಾಡಿ ನಿಲ್ಲಿಸಿ. ಅದು ಮೊದಲ ಎಚ್ಚರಿಕೆ. ಉಪ್ಪು ಹಾಕಿ ಕಾಯಿಸಿ ಆರಿಸಿದ ನೀರಿನಿಂದ ತೊಳೆದು, ಮಾಯುವವರೆಗೆ ಆ ಜಾಗಕ್ಕೆ ಬಾರು ತಾಗಿಸಬೇಡಿ. ಸುಣ್ಣ, ಬೂದಿ, ಸೀಮೆಎಣ್ಣೆ ಮೆತ್ತಬೇಡಿ. ಗಾಯವಾದ ಕುದುರೆಗೆ ಧನುರ್ವಾಯು ತಗಲುವುದು ಬಹಳ ಸುಲಭ, ತಗಲಿದರೆ ಉಳಿಯುವುದು ಕಷ್ಟ. ಅದಕ್ಕೆ ಮುಂಚೆಯೇ ಹಾಕಿಸುವ ಚುಚ್ಚುಮದ್ದು ಇದೆ, ಪಶು ವೈದ್ಯರನ್ನು ಕೇಳಿ.

ಕಾಯಿದೆಯ ಮಾತೂ ಒಂದಿಷ್ಟು ತಿಳಿದಿರಲಿ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ, ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ನಿಯಮಗಳು ಹೊರಟವು. ಮುಳ್ಳು, ಗುಬಟು, ಚೂಪು ಇರುವ ಕಡಿವಾಣ ಅಥವಾ ಸಜ್ಜನ್ನು ಬಳಸಿ ಪ್ರಾಣಿಗೆ ಗಾಯ, ಬಾವು ಮಾಡುವುದನ್ನು ಅವು ನಿಷೇಧಿಸುತ್ತವೆ. ಸಜ್ಜಿನ ಭಾರ ಕುದುರೆಯ ಹೆಗಲ ಮೇಲಣ ಏರೆಲುಬಿಗೆ ನೇರವಾಗಿ ಕೂರಕೂಡದು, ನಡುವೆ ತೆರಪು ಇರಬೇಕು ಎಂದೂ ಇದೆ. ದಿನಕ್ಕೆ ಒಟ್ಟು 9 ಗಂಟೆಗೆ ಮೀರಿ, ಬಿಡುವಿಲ್ಲದೆ ಒಂದೇ ಸಮನೆ 5 ಗಂಟೆಗೆ ಮೀರಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟುವಂತಿಲ್ಲ. ಬಕಲಿನ ಬದಲು ಬೇಲಿ ತಂತಿ ಸುತ್ತಿ ಕುದುರೆಗೆ ಗಾಯವಾದರೆ, ಅದು ಈ ನಿಯಮಕ್ಕೆ ಸಿಕ್ಕೀತೋ ಇಲ್ಲವೋ ಎಂದು ವಾದ ಹೂಡುವುದಕ್ಕಿಂತ ತಂತಿಯನ್ನು ಬಿಚ್ಚಿಹಾಕುವುದು ಸುಲಭ.

ಸಂತೆಗೆ ಹೋಗುವಾಗ ಅಳತೆಗೆ ಹಳೆಯ ಬಾರಿನ ತುಂಡನ್ನೂ ಒಂದು ಸಣ್ಣ ಅಯಸ್ಕಾಂತವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಕೊಳ್ಳುವುದಾದರೆ ಹೊಟ್ಟೆಪಟ್ಟಿಯ ಜೋಡಿಯನ್ನು ಮೊದಲು ಕೊಳ್ಳಿ, ಎಳೆಬಾರಿನದು ಆಮೇಲೆ, ತಲೆಪಟ್ಟಿಯದು ಕೊನೆಗೆ. ಒಂದು ಬಕಲು ಹೆಚ್ಚಿಗೆ ತಂದು, ಮೇಣದ ನೂಲು ಮತ್ತು ದಬ್ಬಳದೊಡನೆ ಗಾಡಿಯ ಪೆಟ್ಟಿಗೆಯಲ್ಲಿ ಹಾಕಿಡಿ.